ಜಾವಾದಿಂದ ಕಾಡುದಾರಿಗೆ: ಎರಡು ಸ್ಟ್ರೋಕ್ ಗಾಡಿಯ ಕಥೆ

ಹೋದ ವರ್ಷದ ದೀಪಾವಳಿ ಊಟಕ್ಕೆ ನಮ್ಮಲ್ಲೊಬ್ಬರು ಕಾಲಿಗೆ ಮೊಣಕಾಲಿನವರೆಗೆ ಪಟ್ಟಿಯ ಬೂಟು ಕಟ್ಟಿಕೊಂಡು, ಊರುಗೋಲು ಊರುತ್ತಾ ಬಂದದ್ದನ್ನು ಕೂಟದ ಅನೇಕರು ನೋಡಿದ್ದೀರಿ. "ಏನಾಯ್ತು ಡಾಕ್ಟ್ರೇ?" ಎಂದು ಕೇಳಿದವರಿಗೆಲ್ಲ "ಮೆಟ್ಟಿಲು ತಪ್ಪಿತು" ಎಂಬ ಉತ್ತರ ಸಿಕ್ಕಿತು. ಅದು ಮೆಟ್ಟಿಲಲ್ಲ, ಮೋಟಾರ್ ಸೈಕಲ್ಲು. ಸಂಪಾದಕರು "ನಿಮ್ಮ ಆ ಹುಚ್ಚಿನ ಬಗ್ಗೆ ನಾಲ್ಕು ಪುಟ ಬರೆದುಕೊಡಿ" ಎಂದು ಪಟ್ಟು ಹಿಡಿದಿದ್ದಾರೆ. ತಪ್ಪೊಪ್ಪಿಗೆಯೂ ಇತಿಹಾಸವೂ ಒಟ್ಟಿಗೇ ಆಗಿಹೋಗಲಿ ಎಂದು ಬರೆಯುತ್ತಿದ್ದೇವೆ.

ನಾವು ಎಂದರೆ ಮೂವರು. ಇಬ್ಬರು ಡಾಕ್ಟರು, ಒಬ್ಬರು ಇಂಜಿನಿಯರು. ಮೂವರೂ ಮೈಸೂರಿನ ಕಡೆಯವರು, ಮೂವರೂ ಐವತ್ತು ದಾಟಿದವರು. ಬರೆಯುವ ಕೈ ಡಾಕ್ಟರದ್ದಾದ್ದರಿಂದ, ಅಕ್ಷರ ಬಿಡಿಸಿ ಟೈಪು ಮಾಡಿದವರಿಗೆ ಮೊದಲೇ ವಂದನೆಗಳು.

ನಡೆದದ್ದು ಇಷ್ಟು. ಮಕ್ಕಳು ಕಾಲೇಜಿಗೆ ಹೋದ ಮೇಲೆ ಶನಿವಾರಗಳು ಖಾಲಿಯಾದವು. ಕೊಲಂಬಸ್ಸಿನಿಂದ ದಕ್ಷಿಣಕ್ಕೆ ಹೋದರೆ ವೇನ್ ರಾಷ್ಟ್ರೀಯ ಅರಣ್ಯದಲ್ಲಿ ಮಂಡೇ ಕ್ರೀಕ್ ಎಂಬ ಕಡೆ ಮೋಟಾರ್ ಸೈಕಲ್ಲು ಓಡಿಸಲು ಬಿಟ್ಟ ಕಾಡುದಾರಿಗಳಿವೆ. ನಮ್ಮಲ್ಲೊಬ್ಬರು ಅಂಗಡಿಯವನ ಮಾತಿಗಿಂತ ತಮ್ಮ ಆಸೆಯ ಮಾತನ್ನೇ ಹೆಚ್ಚು ಕೇಳಿ 650 ಸಿ.ಸಿ.ಯ ನಾಲ್ಕು ಸ್ಟ್ರೋಕ್ ಗಾಡಿಯೊಂದನ್ನು ಕೊಂಡರು. ಡಾಂಬರು ರಸ್ತೆಯಲ್ಲಿ ಅದು ಆನೆಯ ಮೇಲೆ ಕುಳಿತ ಹಾಗೆ. ಅಕ್ಟೋಬರಿನ ಒಂದು ಶನಿವಾರ, ಒದ್ದೆ ಎಲೆ ಬಿದ್ದ ಇಳಿಜಾರಿನಲ್ಲಿ ಆ ಆನೆ ಮಲಗಿತು, ಸವಾರರ ಕಾಲಿನ ಮೇಲೆ. ಕೆಳಗೆ ಸಿಕ್ಕಿದವರಿಗೆ ಎತ್ತಲಾಗಲಿಲ್ಲ. ಮೇಲಿದ್ದ ಇಬ್ಬರಿಗೂ ಜಾರುವ ಮಣ್ಣಿನಲ್ಲಿ ಕಾಲು ನಿಲ್ಲಲಿಲ್ಲ. ಮೂವರ ವಯಸ್ಸು ಕೂಡಿಸಿದರೆ ನೂರ ಅರವತ್ತು ಚಿಲ್ಲರೆ, ಗಾಡಿಯ ತೂಕ ಕಿಲೋದಲ್ಲಿ ಅಷ್ಟೇ! ಅಂತೂ ಎಳೆದು ತೆಗೆದಾಗ ಕಣಕಾಲಿನ ಹೊರಮೂಳೆ ಸೀಳಿತ್ತು. ಆರು ವಾರ ಬೂಟು. ಕ್ಲಿನಿಕ್ಕಿನ ರೋಗಿಗಳನ್ನೂ ರಾತ್ರಿಯ ಕಾಲ್‌ಗಳನ್ನೂ ಸಹೋದ್ಯೋಗಿಗಳು ಹಂಚಿಕೊಂಡರು. ನೋವಿಗಿಂತ ಆ ನಾಚಿಕೆ ಹೆಚ್ಚು.

ಮನೆಯಲ್ಲಿ ಕೂಗಾಟ ನಿರೀಕ್ಷಿಸಿದ್ದೆವು. ಮನೆಯವರು ಹೇಳಿದ್ದು ಒಂದೇ ಮಾತು: "ಬಿಡಿ ಅಂದ್ರೆ ನೀವು ಬಿಡಲ್ಲ. ಒಬ್ಬರೇ ಎತ್ತೋಕಾಗೋ ಗಾಡಿ ಇದ್ರೆ ಇಟ್ಕೊಳ್ಳಿ, ಇಲ್ಲದಿದ್ರೆ ಮಾರಿ."

ಎತ್ತಲಾಗುವ ಗಾಡಿ ಯಾವುದು ಎಂದು ಹುಡುಕುತ್ತಾ ಹೋದ ನಾವು ಆ ಚಳಿಗಾಲವೆಲ್ಲ ಹಳೆಯ ಪುಸ್ತಕ, ಹಳೆಯ ಗಾಡಿಗಳ ನಡುವೆ ಕಳೆದೆವು. ಕೊನೆಗೆ ತಲುಪಿದ್ದು ನಮ್ಮ ಬಾಲ್ಯದ ವಾಸನೆಗೆ.

ಮೈಸೂರಿನವರಿಗೆ ಆ ವಾಸನೆ ವಿವರಿಸಬೇಕಾಗಿಲ್ಲ. ಪೆಟ್ರೋಲ್ ಬಂಕಿನಲ್ಲಿ ಅಪ್ಪ ಜಾವಾ ನಿಲ್ಲಿಸಿ, ಪೆಟ್ರೋಲಿನ ಜೊತೆಗೆ ಅಳತೆಯ ಡಬ್ಬಿಯಲ್ಲಿ ಎಣ್ಣೆ ಹೊಯ್ಯಿಸಿ, ಎರಡೂ ಬೆರೆಯಲೆಂದು ಗಾಡಿಯನ್ನು ಆಚೀಚೆ ಅಲುಗಾಡಿಸುತ್ತಿದ್ದರು. ಎಡಗಡೆಯ ಗೇರಿನ ಕಡ್ಡಿಯನ್ನೇ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಒಂದೇ ಒದೆತಕ್ಕೆ ಎರಡು ಸೈಲೆನ್ಸರಿನಿಂದ ನೀಲಿ ಹೊಗೆ, ಆಮೇಲೆ ಬಡಿತ. ಬೀದಿಯ ತುದಿಯಲ್ಲಿ ಆ ಬಡಿತ ಕೇಳಿದರೆ ಆಟ ಬಿಟ್ಟು ಪುಸ್ತಕ ಹಿಡಿಯಲು ಸಮಯ ಸಿಗುತ್ತಿತ್ತು.

ಆ ಗಾಡಿ ನಮ್ಮೂರಿನದೇ. ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದವರು ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ 250 ಸಿ.ಸಿ.ಯ ಗಾಡಿಗಳು ಅಲ್ಲಿ ತಯಾರಾದವು. 1970ರ ದಶಕದ ಮೊದಲಲ್ಲಿ ಪರವಾನಗಿ ಮುಗಿದ ಮೇಲೆ ಅದೇ ವಂಶದ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ನಮ್ಮಲ್ಲಿಬ್ಬರು ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆಂದು ವಿಮಾನ ಹತ್ತಿದ್ದೂ ಆ ವರ್ಷವೇ.

ಎರಡು ಸ್ಟ್ರೋಕು ಎಂದರೇನು ಎಂದು ಕೂಟದ ಮಕ್ಕಳಿಗಾಗಿ ಒಂದಿಷ್ಟು ಹೇಳಿಬಿಡಬೇಕು. ದೊಡ್ಡವರೂ ಕೇಳಿದರೆ ನಷ್ಟವಿಲ್ಲ. ನಾಲ್ಕು ಸ್ಟ್ರೋಕಿನ ಇಂಜಿನ್ನು ನಮ್ಮ ಶ್ವಾಸಕೋಶದ ಹಾಗೆ ಶಿಸ್ತಿನದು. ಉಸಿರೆಳೆಯುತ್ತದೆ, ಅದುಮುತ್ತದೆ, ಉರಿಸುತ್ತದೆ, ಹೊರಗೆ ಬಿಡುತ್ತದೆ. ಒಂದೊಂದಕ್ಕೂ ಪಿಸ್ಟನ್ನು ಒಂದೊಂದು ಸಲ ಓಡಬೇಕು, ಬಾಗಿಲು ತೆರೆಯಲು ಮುಚ್ಚಲು ವಾಲ್ವುಗಳು, ಅವನ್ನು ಕುಣಿಸಲು ಕ್ಯಾಮ್‌ಶಾಫ್ಟು, ಅದನ್ನು ತಿರುಗಿಸಲು ಚೈನು. ಎರಡು ಸ್ಟ್ರೋಕಿನದು ಮದುವೆ ಮನೆಯ ಪಂಕ್ತಿಯ ವ್ಯವಸ್ಥೆ. ಮೊದಲ ಪಂಕ್ತಿ ಏಳುತ್ತಿರುವಾಗಲೇ ಎರಡನೇ ಪಂಕ್ತಿಯವರು ಇನ್ನೊಂದು ಬಾಗಿಲಿನಿಂದ ನುಗ್ಗಿ ಎಲೆಯ ಮುಂದೆ ಕೂರುತ್ತಾರೆ. ವಾಲ್ವೂ ಇಲ್ಲ, ಕ್ಯಾಮೂ ಇಲ್ಲ, ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಷ್ಟೇ, ಪಿಸ್ಟನ್ನೇ ಬಾಗಿಲು. ಪಿಸ್ಟನ್ನು ಇಳಿಯುವಾಗ ಕೆಳಗಿನ ಕ್ರ್ಯಾಂಕ್‌ಕೇಸು ಕಮ್ಮಾರನ ತಿದಿಯ ಹಾಗೆ ಹೊಸ ಗಾಳಿ-ಪೆಟ್ರೋಲನ್ನು ಮೇಲಕ್ಕೆ ಊದುತ್ತದೆ. ಪ್ರತಿ ಸುತ್ತಿಗೊಂದು ಸ್ಫೋಟ. ಅದೇ ಅಳತೆಯ ನಾಲ್ಕು ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಂದು.

ತೊಂದರೆಯೂ ಮದುವೆ ಮನೆಯದೇ. ನೂಕುನುಗ್ಗಲಿನಲ್ಲಿ ಎರಡನೇ ಪಂಕ್ತಿಯ ಕೆಲವರು ಊಟ ಮಾಡದೆಯೇ ಮೊದಲಿನವರ ಜೊತೆ ಹೊರಗೆ ಹೋಗಿಬಿಡುತ್ತಾರೆ. ಕಾರ್ಬುರೇಟರಿನ ಹಳೆಯ ಎರಡು ಸ್ಟ್ರೋಕಿನಲ್ಲಿ ಹಾಕಿದ ಪೆಟ್ರೋಲಿನ ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಉರಿಯದೆಯೇ ಸೈಲೆನ್ಸರಿನಿಂದ ಹೊರಬೀಳುತ್ತಿತ್ತು. ಕ್ರ್ಯಾಂಕ್‌ಕೇಸಿನಲ್ಲಿ ಗಾಳಿ ಓಡಾಡುವುದರಿಂದ ಅಲ್ಲಿ ಎಣ್ಣೆ ತುಂಬಿಡುವಂತಿಲ್ಲ, ಪೆಟ್ರೋಲಿನಲ್ಲೇ ಬೆರೆಸಬೇಕು. ಆ ಎಣ್ಣೆ ಉರಿದದ್ದೇ ನೀಲಿ ಹೊಗೆ.

ಎರಡು ಸ್ಟ್ರೋಕಿನ ಮೊದಲ ಯಶಸ್ವಿ ಇಂಜಿನ್ನು ಸ್ಕಾಟ್ಲೆಂಡಿನ ಡುಗಾಲ್ಡ್ ಕ್ಲರ್ಕ್ ಅವರದು, 1881ರ ಪೇಟೆಂಟು. ಅದಕ್ಕೆ ಗಾಳಿ ಊದಲು ಬೇರೆ ಪಂಪು ಬೇಕಿತ್ತು. ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ 1891ರಲ್ಲಿ ಆ ಪಂಪನ್ನೂ ಕಿತ್ತುಹಾಕಿ ಕ್ರ್ಯಾಂಕ್‌ಕೇಸನ್ನೇ ಪಂಪು ಮಾಡಿದರು. ಮೂರೇ ಚಲಿಸುವ ಭಾಗಗಳು: ಪಿಸ್ಟನ್ನು, ಕಡ್ಡಿ, ಕ್ರ್ಯಾಂಕು. ಬಡವರ ಇಂಜಿನ್ನು ಹುಟ್ಟಿದ್ದು ಹೀಗೆ. 1920ರ ದಶಕದಲ್ಲಿ ಜರ್ಮನಿಯ ಷ್ನ್ಯೂರ್ಲೆ ಎಂಬ ಇಂಜಿನಿಯರು ಒಳಬರುವ ಕಿಂಡಿಗಳನ್ನು ಓರೆಯಾಗಿಟ್ಟು ಹೊಸ ಗಾಳಿ ಸಿಲಿಂಡರಿನೊಳಗೆ ಒಂದು ಸುತ್ತು ಹಾಕುವಂತೆ ಮಾಡಿದರು. ಊಟ ಮಾಡದೆ ಹೋಗುವವರ ಸಂಖ್ಯೆ ಕಡಿಮೆಯಾಯಿತು. ಅದನ್ನು ಬಳಸಿ ಜರ್ಮನಿಯ ಡಿ.ಕೆ.ಡಬ್ಲ್ಯೂ. ಕಂಪನಿ 1939ರಲ್ಲಿ ಆರ್.ಟಿ. 125 ಎಂಬ ಪುಟ್ಟ ಗಾಡಿ ತಂದಿತು. ಯುದ್ಧದಲ್ಲಿ ಜರ್ಮನಿ ಸೋತಾಗ ಆ ಗಾಡಿಯ ನಕ್ಷೆ ಗೆದ್ದವರ ಪಾಲಾಯಿತು. ಇಂಗ್ಲೆಂಡಿನಲ್ಲಿ ಅದು 1948ರ ಬಿ.ಎಸ್.ಎ. ಬ್ಯಾಂಟಮ್ ಆಯಿತು, ಇಲ್ಲಿ ಅಮೆರಿಕದಲ್ಲಿ ಹಾರ್ಲೆ-ಡೇವಿಡ್‌ಸನ್ನಿನ 125 ಆಯಿತು, ರಷ್ಯದಲ್ಲಿ ಮಾಸ್ಕ್ವಾ ಆಯಿತು. ಜಪಾನಿನಲ್ಲಿ ಪಿಯಾನೋ, ಹಾರ್ಮೋನಿಯಂ ಮಾಡುತ್ತಿದ್ದ ಕಂಪನಿಯೊಂದು ಅದನ್ನೇ ನೋಡಿಕೊಂಡು 1955ರಲ್ಲಿ ವೈ.ಎ.-1 ಮಾಡಿತು. ಅದೇ ಯಮಹಾದ ಮೊದಲ ಮೋಟಾರ್ ಸೈಕಲ್ಲು.

ಈ ಕಥೆಯಲ್ಲಿ ನಮಗೆ ಬಹಳ ಹಿಡಿಸಿದವರು ವಾಲ್ಟರ್ ಕಾಡೆನ್. ಪೂರ್ವ ಜರ್ಮನಿಯ ಎಂ.ಝಡ್. ಕಂಪನಿಯ ರೇಸಿಂಗ್ ಇಂಜಿನಿಯರು. ದುಡ್ಡಿಲ್ಲ, ಒಳ್ಳೆಯ ಲೋಹವಿಲ್ಲ, ಇದ್ದದ್ದು ತಲೆ ಮಾತ್ರ. ಇಂಜಿನ್ನಿನಿಂದ ಹೊರಬಿದ್ದ ಹೊಗೆಯ ಅಲೆ, ಕೊಳವೆ ಅಗಲವಾದಾಗ ಒಂದು ರೀತಿ, ಕಿರಿದಾದಾಗ ಇನ್ನೊಂದು ರೀತಿ ಹಿಂದಿರುಗುತ್ತದೆ ಎಂಬುದನ್ನು ಹಿಡಿದುಕೊಂಡು ಸೈಲೆನ್ಸರಿನ ಕೊಳವೆಗೆ ಗರ್ಭಿಣಿಯ ಹೊಟ್ಟೆಯಂಥ ಆಕಾರ ಕೊಟ್ಟರು. ಆ ಆಕಾರದ ಮೂಲ ಕಲ್ಪನೆ ಅವರಿಗಿಂತ ಹಿಂದಿನದು, ಲೆಕ್ಕಕ್ಕೆ ತಂದವರು ಅವರು. ನಮ್ಮ ಮದುವೆ ಮನೆಯ ಭಾಷೆಯಲ್ಲಿ ಹೇಳುವುದಾದರೆ, ಊಟ ಮಾಡದೆ ಬಾಗಿಲು ದಾಟಿದವರನ್ನು ಹೆಣ್ಣಿನ ಕಡೆಯ ಸೋದರಮಾವ ಅಂಗಳದಲ್ಲಿ ನಿಂತು ಕೈಹಿಡಿದು ಒಳಗೆ ಕಳಿಸಿದ ಹಾಗೆ! 1961ರ ಹೊತ್ತಿಗೆ ಕಾಡೆನ್ನರ 125 ಸಿ.ಸಿ. ಇಂಜಿನ್ನು 25 ಅಶ್ವಶಕ್ತಿ ಕೊಡುತ್ತಿತ್ತು, ಎಂದರೆ ಲೀಟರಿಗೆ 200 ಅಶ್ವಶಕ್ತಿ.

ಅದೇ 1961ರ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ರೇಸಿಗೆ ಬಂದಿದ್ದ ಎಂ.ಝಡ್. ಸವಾರ ಅರ್ನ್ಸ್ಟ್ ಡೆಗ್ನರ್ ಮತ್ತೆ ಪೂರ್ವಕ್ಕೆ ಮರಳಲಿಲ್ಲ. ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಅಡಗಿಸಿ ಗಡಿ ದಾಟಿಸಲಾಗಿತ್ತು. ಕಾಡೆನ್ನರ ವಿದ್ಯೆಯೆಲ್ಲ ಡೆಗ್ನರರ ಜೊತೆ ಜಪಾನಿನ ಸುಜುಕಿಗೆ ಹೋಯಿತು. 1962ರಲ್ಲಿ ಡೆಗ್ನರ್ 50 ಸಿ.ಸಿ. ವರ್ಗದಲ್ಲಿ ಸುಜುಕಿಗೆ ಅದರ ಮೊದಲ ವಿಶ್ವ ಪ್ರಶಸ್ತಿ ತಂದುಕೊಟ್ಟರು. ಬೆಂಗಳೂರಿನ ಪಕ್ಕದ ಹೊಸೂರಿನಿಂದ 1984ರಲ್ಲಿ ಇಂಡ್-ಸುಜುಕಿ ಬಂದಾಗ, 1985ರಲ್ಲಿ ಯಮಹಾ ಆರ್.ಎಕ್ಸ್. 100 ಬಂದಾಗ ಹಾಸ್ಟೆಲಿನ ಮುಂದೆ ಸುತ್ತು ಹಾಕಿದ ಅಣ್ಣಂದಿರಿಗೆ ಈ ಪೂರ್ವ ಜರ್ಮನಿಯ ಸಾಲ ಗೊತ್ತಿರಲಿಲ್ಲ. ನಮಗೂ ಇರಲಿಲ್ಲ. ಕಾಡೆನ್ ಮಾತ್ರ ಎಲ್ಲಿಗೂ ಓಡಿಹೋಗಲಿಲ್ಲ, ಎಂ.ಝಡ್.ನಲ್ಲೇ ಉಳಿದರು.

ಇನ್ನು ಕಾಡುಮೇಡಿನ ಕಥೆ. ಮಣ್ಣಿನ ಗುಡ್ಡಗಳ ಮೇಲಿನ ಮೋಟೋಕ್ರಾಸ್ ಪಂದ್ಯಗಳಲ್ಲಿ 1960ರವರೆಗೂ ಇಂಗ್ಲಿಷರ ದೊಡ್ಡ ನಾಲ್ಕು ಸ್ಟ್ರೋಕ್ ಗಾಡಿಗಳದೇ ರಾಜ್ಯ. ಅದನ್ನು ಮುರಿದವರಲ್ಲಿ ಜೆಕೊಸ್ಲೊವಾಕಿಯಾದ ಸಿ.ಝಡ್. ಗಾಡಿಗಳು ಮುಂದಿದ್ದವು. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ 250 ಸಿ.ಸಿ. ವರ್ಗದಲ್ಲಿ, 1966ರಿಂದ ಸತತ ಮೂರು ವರ್ಷ ಪಾಲ್ ಫ್ರೀಡ್ರಿಕ್ಸ್ 500 ವರ್ಗದಲ್ಲಿ ಸಿ.ಝಡ್. ಮೇಲೆ ಗೆದ್ದರು. ಆ ದೇಶದಲ್ಲಿ ಉದ್ಯಮಗಳು ಸರ್ಕಾರದ ಕೈಸೇರಿದ ಮೇಲೆ ಜಾವಾ ಮತ್ತು ಸಿ.ಝಡ್. ಒಂದೇ ಮನೆಯ ಅಣ್ಣತಮ್ಮಂದಿರು; ಜಾವಾ-ಸಿ.ಝಡ್. ಎಂಬ ಜೋಡಿ ಹೆಸರಿನಲ್ಲೂ ಗಾಡಿಗಳು ಮಾರಾಟವಾದವು. ಅಂದರೆ ಅಪ್ಪ ತರಕಾರಿ ಚೀಲ ನೇತುಹಾಕಿಕೊಂಡು ದೇವರಾಜ ಮಾರುಕಟ್ಟೆಯಿಂದ ಬರುತ್ತಿದ್ದ ಆ ಗಾಡಿಯ ದಾಯಾದಿಗಳು ಯೂರೋಪಿನ ಗುಡ್ಡಗಳಲ್ಲಿ ಹಾರಾಡುತ್ತಿದ್ದವು. ಆರು ದಿನಗಳ ಅಂತರರಾಷ್ಟ್ರೀಯ ಕಾಡುದಾರಿಯ ಸ್ಪರ್ಧೆ 1973ರಲ್ಲಿ ಮೊದಲ ಬಾರಿ ಅಮೆರಿಕಕ್ಕೆ, ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಬಂದಾಗ ಮುಖ್ಯ ಟ್ರೋಫಿ ಗೆದ್ದದ್ದು ಜಾವಾ ಏರಿ ಬಂದ ಜೆಕೊಸ್ಲೊವಾಕಿಯಾ ತಂಡ. ನಮ್ಮ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿ ಜುಲೈ ತಿಂಗಳಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳ ದೊಡ್ಡ ಜಾತ್ರೆ ನಡೆಯುತ್ತದೆ. ಅಲ್ಲಿ ಹುಲ್ಲಿನ ಮೇಲೆ ನಿಂತ ಒಂದು ಹಳೆಯ ಜಾವಾದ ಗೇರಿನ ಕಡ್ಡಿಯನ್ನು ನಮ್ಮ ಇಂಜಿನಿಯರು ಯಜಮಾನನನ್ನು ಕೇಳದೆಯೇ ಹಿಂದಕ್ಕೆ ತಿರುಗಿಸಿಬಿಟ್ಟರು. ಆತ ಬೈಯಲಿಲ್ಲ. "ಇದು ಹೀಗೆ ತಿರುಗುತ್ತದೆಂದು ನಿಮಗೆ ಹೇಗೆ ಗೊತ್ತು?" ಎಂದು ಬೆರಗಾದ.

ಅಮೆರಿಕಕ್ಕೆ ಈ ಹುಚ್ಚು ಹಿಡಿಸಿದವರು ಎಡಿಸನ್ ಡೈ. 1966ರಲ್ಲಿ ಸ್ವೀಡನ್ನಿನ ಹಸ್ಕ್ವಾರ್ನಾ ಗಾಡಿಗಳನ್ನೂ ಅದರ ವಿಶ್ವ ಚಾಂಪಿಯನ್ ಟಾರ್ಸ್ಟನ್ ಹಾಲ್‌ಮನ್ನರನ್ನೂ ಕರೆತಂದು ಇಲ್ಲಿಯ ಸವಾರರಿಗೆ ತೋರಿಸಿದರು. ಭಾರದ ನಾಲ್ಕು ಸ್ಟ್ರೋಕು ಹೊತ್ತು ತಿರುಗುತ್ತಿದ್ದವರಿಗೆ ಅದು ಕಣ್ಣು ತೆರೆಸಿತು. 1968ರಲ್ಲಿ ಯಮಹಾ ಡಿ.ಟಿ.-1 ಬಂತು: ರಸ್ತೆಗೂ ಸೈ, ಕಾಡಿಗೂ ಸೈ, ಬೆಲೆಯೂ ಕೈಗೆಟಕುವಂಥದು. 1971ರಲ್ಲಿ ಬ್ರೂಸ್ ಬ್ರೌನ್ ಅವರ "ಆನ್ ಎನಿ ಸಂಡೇ" ಚಿತ್ರದಲ್ಲಿ ಸ್ಟೀವ್ ಮೆಕ್ವೀನ್, ಮಾಲ್ಕಮ್ ಸ್ಮಿತ್ ಮುಂತಾದವರು ಮಣ್ಣು ಹಾರಿಸುವುದನ್ನು ನೋಡಿ ಊರೂರಿನ ಹುಡುಗರು ಗಾಡಿ ಕೊಂಡರು. ಡೈ, ಸ್ಮಿತ್ ಮೊದಲಾದವರ ಹೆಸರುಗಳು ಕೊಲಂಬಸ್ಸಿನ ಪಕ್ಕದ ಪಿಕರಿಂಗ್ಟನ್ನಿನಲ್ಲಿರುವ ಮೋಟಾರ್ ಸೈಕಲ್ ಗೌರವ ಮಂದಿರದಲ್ಲಿವೆ. ಊರುಗೋಲಿನ ದಿನಗಳಲ್ಲಿ ನಮಗೆ ಅದೇ ದೇವಸ್ಥಾನವಾಗಿತ್ತು. ಎರಡು ಸ್ಟ್ರೋಕ್ ಎಂದರೆ ಆಗುತ್ತಿರಲಿಲ್ಲವೆಂದು ಹೆಸರಾದ ಸೊಯಿಚಿರೊ ಹೋಂಡಾ ಅವರ ಕಂಪನಿಯೂ 1973ಕ್ಕೆ ಎಲ್ಸಿನೋರ್ 250 ಎಂಬ ಎರಡು ಸ್ಟ್ರೋಕ್ ಮೋಟೋಕ್ರಾಸ್ ಗಾಡಿ ಮಾರಲೇಬೇಕಾಯಿತು.

ಆಮೇಲೆ ಕಾನೂನು ಬಂತು. ಬಂದದ್ದು ಸರಿಯೇ. ನಮ್ಮಲ್ಲೊಬ್ಬರ ಹೊಟ್ಟೆಪಾಡೇ ಶ್ವಾಸಕೋಶ. ಬೆಂಗಳೂರಿನಲ್ಲಿ ಎರಡು ಸ್ಟ್ರೋಕ್ ಆಟೋಗಳ ಸಾಲಿನ ಹಿಂದೆ ಸಿಗ್ನಲ್ಲಿನಲ್ಲಿ ನಿಂತು ಕೆಮ್ಮಿದವರಿಗೆ ವಾದ ಬೇಕಾಗಿಲ್ಲ. ಅಮೆರಿಕದ ಪರಿಸರ ಇಲಾಖೆ ರಸ್ತೆಯ ಮೋಟಾರ್ ಸೈಕಲ್ಲುಗಳಿಗೆ 1978ರ ಮಾದರಿಗಳಿಂದ ಹೊಗೆಯ ಮಿತಿ ಹಾಕಿತು. 1980ರ ದಶಕದ ನಡುಭಾಗಕ್ಕೆ ಇಲ್ಲಿಯ ರಸ್ತೆಗಳಿಂದ ಎರಡು ಸ್ಟ್ರೋಕು ಬಹುತೇಕ ಮಾಯವಾಯಿತು. ಕಾಡಿನ ಗಾಡಿಗಳಿಗೆ ಆಗ ಆ ಮಿತಿ ಇರಲಿಲ್ಲ. 2006ರ ಮಾದರಿಗಳಿಂದ ಅವಕ್ಕೂ ಕಾನೂನು ಬಂದಾಗ ಸ್ಪರ್ಧೆಗೆಂದು ಮಾಡಿದ ಗಾಡಿಗಳಿಗೆ ವಿನಾಯಿತಿ ಉಳಿಯಿತು.

ಆದರೂ ಸ್ಪರ್ಧೆಯ ಕಣದಲ್ಲೇ ಅದಕ್ಕೆ ಏಟು ಬಿತ್ತು. ನಾಲ್ಕು ಸ್ಟ್ರೋಕಿಗೆ ಉತ್ತೇಜನ ಕೊಡಲೆಂದು ನಿಯಮದಲ್ಲಿ ದೊಡ್ಡ ಅಳತೆ ಬಿಟ್ಟಿದ್ದರು. 125ರ ಎರಡು ಸ್ಟ್ರೋಕಿನ ಎದುರು 250ರ ನಾಲ್ಕು ಸ್ಟ್ರೋಕು ನಿಲ್ಲಬಹುದಿತ್ತು. 1997ರಲ್ಲಿ ಲಾಸ್ ವೇಗಸ್ಸಿನ ಸೂಪರ್‌ಕ್ರಾಸಿನಲ್ಲಿ ಡಗ್ ಹೆನ್ರಿ ಯಮಹಾದ 400 ಸಿ.ಸಿ. ನಾಲ್ಕು ಸ್ಟ್ರೋಕಿನ ಮೇಲೆ ಗೆದ್ದರು, ಮರುವರ್ಷ ಅದು ಅಂಗಡಿಗೆ ಬಂತು. ಹತ್ತು ವರ್ಷದಲ್ಲಿ ದೊಡ್ಡ ಪಂದ್ಯಗಳಿಂದ ಎರಡು ಸ್ಟ್ರೋಕು ಹೊರಬಿತ್ತು. ಹೋಂಡಾ 2007ರ ಮಾದರಿಯ ನಂತರ ದೊಡ್ಡ ಎರಡು ಸ್ಟ್ರೋಕನ್ನೇ ನಿಲ್ಲಿಸಿತು. ಯಮಹಾ ಮಾತ್ರ ವೈ.ಝಡ್. 125, 250 ಗಾಡಿಗಳನ್ನು ಬಿಡಲಿಲ್ಲ.

ಹಾಗಾದರೆ ಉಳಿದದ್ದು ಎಲ್ಲಿ? ಬಂಡೆ, ಬೇರು, ಕೆಸರಿನ ದಾರಿಯಲ್ಲಿ. ಅಲ್ಲಿ ವೇಗಕ್ಕಿಂತ ಬಿದ್ದ ಗಾಡಿಯನ್ನು ಎಷ್ಟು ಸಲ ಎತ್ತಬಲ್ಲಿರಿ ಎಂಬುದು ಮುಖ್ಯ. ಆಸ್ಟ್ರಿಯದಲ್ಲಿ 1995ರಿಂದ ನಡೆಯುತ್ತಿರುವ ಎರ್ಜ್‌ಬರ್ಗ್ ಸ್ಪರ್ಧೆ ಕಬ್ಬಿಣದ ಅದಿರಿನ ಗಣಿಯ ಗುಡ್ಡ ಹತ್ತುವುದು. ಅದನ್ನು 2019ರಲ್ಲಿ ಗೆದ್ದ ಇಂಗ್ಲೆಂಡಿನ ಗ್ರಹಾಂ ಜಾರ್ವಿಸ್ ಅವರಿಗೆ ಆಗ 44 ವರ್ಷ, ಏರಿದ್ದು ಹಸ್ಕ್ವಾರ್ನಾದ ಎರಡು ಸ್ಟ್ರೋಕು. ಈ ಸುದ್ದಿಯನ್ನು ನಾವು ಮನೆಯಲ್ಲಿ ಎರಡೆರಡು ಸಲ ಓದಿ ಹೇಳಿದೆವು, ಪರಿಣಾಮವೇನೂ ಆಗಲಿಲ್ಲ. ಆಸ್ಟ್ರಿಯದ ಕೆ.ಟಿ.ಎಂ. 2017ರಲ್ಲಿ ಎರಡು ಸ್ಟ್ರೋಕಿಗೆ ಕಾರ್ಬುರೇಟರ್ ತೆಗೆದು ಕಂಪ್ಯೂಟರಿನ ಇಂಧನ ಚುಚ್ಚುವಿಕೆ ತಂದಿತು. ಬಡಿಸುವವರು ಎಲೆ ಎಣಿಸಿ ಬಡಿಸಲು ಕಲಿತ ಹಾಗೆ. ಅದೇ ಕೆ.ಟಿ.ಎಂ. 2024ರ ನವೆಂಬರಿನಲ್ಲಿ ಸಾಲದಲ್ಲಿ ಮುಳುಗಿ ನ್ಯಾಯಾಲಯದ ಮೊರೆ ಹೋದಾಗ, 2025ರಲ್ಲಿ ಹಣ ಹಾಕಿ ಎತ್ತಿದವರು ಪುಣೆಯ ಬಜಾಜ್. ನಮ್ಮ ಮಾವಂದಿರು ವರ್ಷಗಟ್ಟಲೆ ಬುಕ್ ಮಾಡಿ ಕಾದ ಆ ಬಜಾಜ್ ಸ್ಕೂಟರೂ ಎರಡು ಸ್ಟ್ರೋಕೇ. 2018ರಲ್ಲಿ ಜಾವಾ ಹೆಸರು ಭಾರತದಲ್ಲಿ ಮತ್ತೆ ಬಂತು, 2022ರಲ್ಲಿ ಯೆಜ್ಡಿಯೂ ಬಂತು; ಆದರೆ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ, ಇಂಜಿನ್ನು ನಾಲ್ಕು ಸ್ಟ್ರೋಕು. 2018ರ ಆ ಜಾವಾ 293 ಸಿ.ಸಿ.; ಕೆ.ಟಿ.ಎಂ. 300 ಎಂದು ಕರೆಯುವ ಎರಡು ಸ್ಟ್ರೋಕಿನ ನಿಜವಾದ ಅಳತೆಯೂ 293 ಸಿ.ಸಿ.! ಇದಕ್ಕೆ ಅರ್ಥವೇನೂ ಇಲ್ಲ, ನಮಗೆ ಖುಷಿಯಾಯಿತು ಅಷ್ಟೆ.

ಇಷ್ಟೆಲ್ಲ ಓದಿ ಆರಿಸಿದ್ದು ಹೇಗೆ ಎಂದು ಹೇಳದಿದ್ದರೆ ಮನೆಯವರೇ ಒಪ್ಪುವುದಿಲ್ಲ. ನಮ್ಮ ಮೊದಲ ಲೆಕ್ಕ ತೂಕದ್ದು. ಕಾಡಿನ ಎರಡು ಸ್ಟ್ರೋಕ್ ಗಾಡಿಗಳು ನೂರು, ನೂರಾಐದು ಕಿಲೋ ಆಸುಪಾಸು. 650ಕ್ಕೆ ಹೋಲಿಸಿದರೆ ಒಬ್ಬ ಹೈಸ್ಕೂಲ್ ಹುಡುಗನಷ್ಟು ಕಡಿಮೆ. ಐವತ್ತರ ನಂತರ ಭುಜದ ಸ್ನಾಯುರಜ್ಜುಗಳು ಹಳೆಯ ಹಗ್ಗದ ಹಾಗೆ, ಬೆನ್ನಿನ ಡಿಸ್ಕುಗಳು ಒಣಗಿದ ಇಡ್ಲಿಯ ಹಾಗೆ. ಬಗ್ಗಿ, ತಿರುಚಿ, ಭಾರ ಎತ್ತುವುದೇ ನಮ್ಮ ವಯಸ್ಸಿನವರನ್ನು ಕೆಡಿಸುವುದು. ಎರಡನೆಯದು ಸೀಟಿನ ಎತ್ತರ. ಈ ಗಾಡಿಗಳ ಸೀಟು ಸುಮಾರು 38 ಇಂಚು ಎತ್ತರ, ಆರಡಿ ಆಳುಗಳಿಗೆಂದು ಮಾಡಿದ್ದು. ಐದಡಿ ಐದಂಗುಲದ ನಮ್ಮವರೊಬ್ಬರು ನಿಂತಾಗ ತುದಿಗಾಲಿನ ಬೆರಳೇ ಗತಿ. ಓರೆ ನೆಲದಲ್ಲಿ ಅದೂ ಇಲ್ಲ. ಅವರಿಗೆ ಇಟಲಿಯ ಫ್ಲಾರೆನ್ಸ್ ಬಳಿಯ ಬೀಟಾ ಕಂಪನಿಯ ಎಕ್ಸ್‌ಟ್ರೇನರ್ 300 ಒಪ್ಪಿತು. ಸೀಟು ಎರಡು ಇಂಚು ಕೆಳಗೆ, ಇಂಜಿನ್ನು ಸೌಮ್ಯ, ಎಣ್ಣೆಗೆ ಬೇರೆ ಟ್ಯಾಂಕು, ಬಟನ್ ಒತ್ತಿದರೆ ಶುರು.

ಅಳತೆಯಲ್ಲಿ ನಾವು ಮೊದಲು ತಪ್ಪಿ ಯೋಚಿಸಿದೆವು. ಚಿಕ್ಕದು ಸುಲಭ ಎಂದು 125 ನೋಡಿದೆವು. 125ಕ್ಕೆ ಶಕ್ತಿ ಇರುವುದು ತಾರಕದಲ್ಲಿ ಮಾತ್ರ. ಸದಾ ಕ್ಲಚ್ಚು, ಗೇರು, ಕಿರುಚಾಟ. ಇಪ್ಪತ್ತರ ಹುಡುಗರ ಕೆಲಸ. 300ರ ಎರಡು ಸ್ಟ್ರೋಕು, ಹೆಸರಿಗೆ ದೊಡ್ಡದಾದರೂ, ನಿಧಾನದಲ್ಲೇ ಎಳೆಯುತ್ತದೆ. ಹೊಗೆಯ ಕಿಂಡಿಯನ್ನು ವೇಗಕ್ಕೆ ತಕ್ಕಂತೆ ಎತ್ತಿ ಇಳಿಸುವ ಪವರ್ ವಾಲ್ವ್ ಇದಕ್ಕೆ ಕಾರಣ. 1970ರ ದಶಕದ ಕೊನೆಯಲ್ಲಿ ಯಮಹಾ ರೇಸಿನ ಗಾಡಿಗಳಲ್ಲಿ ತಂದ ಉಪಾಯವದು. ಮೂರನೇ ಗೇರಿನಲ್ಲಿ ಬಿಟ್ಟುಬಿಟ್ಟರೆ ಎತ್ತಿನ ಗಾಡಿಯ ಹಾಗೆ ಗುಡ್ಡ ಹತ್ತುತ್ತದೆ. ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಕಡಿಮೆ ಮಾಡಿದರೆ ಇನ್ನೂ ಸೌಮ್ಯ. ಎರಡನೆಯವರು ಬಳಸಿದ ಕೆ.ಟಿ.ಎಂ. 300 ಕೊಂಡರು, 2008ರ ನಂತರದ್ದೇ ಬೇಕೆಂದು ಹುಡುಕಿ, ಏಕೆಂದರೆ ಆ ವರ್ಷದಿಂದ ಅದಕ್ಕೆ ಬಟನ್ ಬಂತು. ಇಂಜಿನಿಯರು ಮಾತ್ರ ಯಮಹಾ ವೈ.ಝಡ್. 250 ಎಕ್ಸ್ ತೆಗೆದುಕೊಂಡರು, ಕಿಕ್ಕರ್ ಮಾತ್ರ ಇರುವಂಥದು. ಮಂಡಿಗೆ ಒಳ್ಳೆಯದಲ್ಲ ಎಂದು ಇಬ್ಬರು ಡಾಕ್ಟರು ಹೇಳಿದರೂ "ಒದೆಯದೆ ಶುರುವಾದರೆ ಅದು ಮಿಕ್ಸಿ" ಎಂದರು.

ಅಂಗಡಿಯಲ್ಲಿ ಹೇಳದ ಸಂಗತಿಗಳೂ ಇವೆ. ಇಳಿಜಾರಿನಲ್ಲಿ ಎರಡು ಸ್ಟ್ರೋಕಿನ ಇಂಜಿನ್ನು ಹಿಡಿದು ನಿಲ್ಲಿಸುವುದಿಲ್ಲ, ಎಲ್ಲ ಕೆಲಸವೂ ಬ್ರೇಕಿನದು, ಮುಂಗೈ ಕಲ್ಲಾಗುತ್ತದೆ. ಸ್ಪ್ರಿಂಗುಗಳನ್ನು ನಮ್ಮ ತೂಕಕ್ಕೆ ಬದಲಿಸಲೇಬೇಕು. ಸವಾರ ಕೂತಾಗ ಹಿಂಭಾಗ ಸುಮಾರು ನಾಲ್ಕು ಇಂಚು ಕುಗ್ಗಬೇಕು. ಬಳಸಿದ ಗಾಡಿ ನೋಡಲು ಹೋದಾಗ ಮೊದಲು ಸಿಲಿಂಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾರುವವನು ಮುಂಚೆಯೇ ಶುರು ಮಾಡಿ ಇಟ್ಟಿದ್ದಾನೆ, ತಣ್ಣಗಿದ್ದಾಗ ಅದು ತಕರಾರು ಮಾಡುತ್ತಿರಬಹುದು. ಪಿಸ್ಟನ್ನು, ರಿಂಗು ಸವೆದರೆ ಒಂದೆರಡು ನೂರು ಡಾಲರಿನಲ್ಲಿ ಮನೆಯ ಗ್ಯಾರೇಜಿನಲ್ಲೇ ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಜೋಸೆಫ್ ಡೇ ಅವರ ಪುಣ್ಯ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿರುವವರು ಮಾತ್ರ ದಯವಿಟ್ಟು ಈ ಲೇಖನವನ್ನು ಇಲ್ಲಿಗೇ ಮಡಚಿಡಿ. ಹೆಲ್ಮೆಟ್ ಒಳಗಿನ ಪೆಟ್ಟಿಗೆ ನಾವು ಕಂಡ ಪರಿಣಾಮಗಳನ್ನು ಕೂಟದ ಪತ್ರಿಕೆಯಲ್ಲಿ ಬರೆಯುವುದಿಲ್ಲ.

ಹೊಗೆಯ ಪ್ರಶ್ನೆಗೆ ನಮ್ಮಲ್ಲಿ ಒಮ್ಮತವಿಲ್ಲ. ಶ್ವಾಸಕೋಶದವರು ತಿಂಗಳಿಗೆ ಎರಡೇ ಶನಿವಾರ ಎಂದು ತಮಗೆ ತಾವೇ ರೇಷನ್ ಹಾಕಿಕೊಂಡಿದ್ದಾರೆ. ಅದು ಪ್ರಾಯಶ್ಚಿತ್ತವೋ ಮೊಣಕಾಲಿನ ನೋವೋ ತಿಳಿಯದು.

ಏಪ್ರಿಲ್ ಮಧ್ಯದಲ್ಲಿ ಕಾಡುದಾರಿ ತೆರೆಯುವ ಮುಂಚಿನ ಭಾನುವಾರ ಪರೀಕ್ಷೆ ನಡೆಯಿತು. ಹಿತ್ತಿಲ ಹುಲ್ಲಿನ ಮೇಲೆ ಗಾಡಿಗಳನ್ನು ಮಲಗಿಸಿ, ಒಬ್ಬೊಬ್ಬರೂ ಒಂಟಿಯಾಗಿ ಮೂರು ಸಲ ಎತ್ತಬೇಕು. ಮೂವರ ಮನೆಯವರೂ ಕಾಫಿ ಲೋಟ ಹಿಡಿದು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೊದಲು 650. ಯಾರಿಂದಲೂ ಮೂರನೇ ಸಲ ಆಗಲಿಲ್ಲ. ಅದು ಮರುವಾರವೇ ಮಾರಾಟವಾಯಿತು. ಬೀಟಾ ಎದ್ದಿತು. ಕೆ.ಟಿ.ಎಂ. ಎದ್ದಿತು. ಯಮಹಾ ಎದ್ದಿತು, ಆದರೆ ಒದ್ದು ಒದ್ದು ಸುಸ್ತಾದ ಮೇಲೆ ಶುರುವಾಯಿತು. ನೀಲಿ ಹೊಗೆ ಬೇಲಿ ದಾಟಿ ಪಕ್ಕದ ಮನೆಗೆ ಹೋಯಿತು. ಹೊರಗೆ ಬಂದ ಮಗಳು ಮೂಗು ಮುಚ್ಚಿಕೊಂಡಳು. ಅವಳ ಅಮ್ಮ ಮಾತ್ರ, ಮೂಗು ಮುಚ್ಚಿಕೊಳ್ಳದೆ, "ಸರಸ್ವತಿಪುರಂ" ಎಂದರು.

ಅಂದು ಸಂಜೆ ನಮ್ಮಲ್ಲೊಬ್ಬರು ಮೈಸೂರಿನಲ್ಲಿರುವ ತಂದೆಗೆ ಫೋನ್ ಮಾಡಿದರು. ಅವರಿಗೆ ಎಂಬತ್ತಾರು. ಕಾಲು ಮುರಿದ ವಿಷಯ ಅವರಿಗೂ ಹೇಳಿರಲಿಲ್ಲ. ಎಲ್ಲ ಕೇಳಿಕೊಂಡು, ಬೈಗುಳ ಬರುತ್ತದೆಂದು ಕಾಯುತ್ತಿದ್ದರೆ, ಕೇಳಿದ್ದು ಇಷ್ಟು:

"ಲೀಟರಿಗೆ ಎಷ್ಟು ಎಣ್ಣೆ ಹಾಕ್ತೀಯೋ?"

"ಹದಿನಾರು ಹದಿನೇಳು ಎಂ.ಎಲ್. ಅಪ್ಪ. ಅರವತ್ತಕ್ಕೆ ಒಂದು. ಪುಸ್ತಕದಲ್ಲಿ ಹಾಗೇ ಇದೆ."

"ಸಾಲಲ್ಲ. ನಲವತ್ತಾದ್ರೂ ಹಾಕು. ಪಿಸ್ಟನ್ ಹಿಡ್ಕೊಂಡ್ಬಿಡತ್ತೆ."